ಹಳೆಯ ಯಾಂತ್ರಿಕ ಕೀಲಿಮಣೆಗಳ ಜೀರ್ಣೋದ್ಧಾರ

ಹಳೆಯ ಯಾಂತ್ರಿಕ ಕೀಲಿಮಣೆಗಳ ಜೀರ್ಣೋದ್ಧಾರವೆಂದರೆ 1970ರಿಂದ 1990ರ ದಶಕದವರೆಗೆ ತಯಾರಾದ ಗಣಕಯಂತ್ರದ ಕೀಲಿಮಣೆಗಳನ್ನು ಶುಚಿಗೊಳಿಸಿ, ದುರಸ್ತಿ ಮಾಡಿ, ಇಂದಿನ ಗಣಕಗಳೊಂದಿಗೆ ಬಳಸಲು ಅನುವಾಗುವಂತೆ ಮಾರ್ಪಡಿಸುವ ಕಾರ್ಯ. ಈ ಕೀಲಿಮಣೆಗಳಲ್ಲಿ ಪ್ರತಿಯೊಂದು ಕೀಲಿಯ ಕೆಳಗೂ ಸ್ವತಂತ್ರವಾದ ಯಾಂತ್ರಿಕ ರಚನೆಯಿರುತ್ತದೆ. ಆದ್ದರಿಂದ ಅವುಗಳನ್ನು ಬಿಚ್ಚಿ, ಕೆಟ್ಟ ಭಾಗವನ್ನು ಮಾತ್ರ ಸರಿಪಡಿಸಿ, ಮತ್ತೆ ಜೋಡಿಸಲು ಸಾಧ್ಯ. ಈ ಬಗೆಯ ಕೆಲಸ ಅತಿ ಹೆಚ್ಚಾಗಿ ನಡೆದಿರುವುದು ಐಬಿಎಂ ಸಂಸ್ಥೆಯ ಮಾಡೆಲ್ ಎಫ್ ಮತ್ತು ಮಾಡೆಲ್ ಎಂ ಕೀಲಿಮಣೆಗಳ ಮೇಲೆ. ಪ್ರಸ್ತುತ ಲೇಖನವು ಮುಖ್ಯವಾಗಿ ಇವೆರಡನ್ನು ಕುರಿತದ್ದಾಗಿದ್ದು, ಇತರ ಬಗೆಗಳನ್ನು ಸಂಕ್ಷೇಪವಾಗಿ ಪರಿಚಯಿಸುತ್ತದೆ.

ಇತಿಹಾಸ

ಐಬಿಎಂ ಸಂಸ್ಥೆಯು ಗಣಕಗಳಿಗೆ ಮುನ್ನವೇ ಬೆರಳಚ್ಚು ಯಂತ್ರಗಳಿಗೆ ಹೆಸರಾಗಿತ್ತು. 1961ರಲ್ಲಿ ಬಂದ ಅದರ ಸೆಲೆಕ್ಟ್ರಿಕ್ ವಿದ್ಯುತ್ ಬೆರಳಚ್ಚು ಯಂತ್ರಕ್ಕೆ ಒಗ್ಗಿಕೊಂಡಿದ್ದ ಬೆರಳುಗಳಿಗೆ ಗಣಕದ ಕೀಲಿಮಣೆಯೂ ಅದೇ ಬಗೆಯ ಸ್ಪರ್ಶಾನುಭವವನ್ನು ಕೊಡಬೇಕೆಂಬುದು ಸಂಸ್ಥೆಯ ಉದ್ದೇಶವಾಗಿತ್ತು. 1970ರ ದಶಕದ ಟರ್ಮಿನಲ್‌ಗಳಲ್ಲಿ ಬಳಸಿದ ಬೀಮ್ ಸ್ಪ್ರಿಂಗ್ ಕೀಲಿಮಣೆಗಳು ಈ ದಿಕ್ಕಿನ ಮೊದಲ ಪ್ರಯತ್ನಗಳು. ಅವು ಉತ್ತಮವಾಗಿದ್ದರೂ ಗಾತ್ರದಲ್ಲಿ ದೊಡ್ಡವೂ ತಯಾರಿಕೆಯಲ್ಲಿ ದುಬಾರಿಯೂ ಆಗಿದ್ದವು.

ಇದಕ್ಕೆ ಪರ್ಯಾಯವಾಗಿ ಬಕ್ಲಿಂಗ್ ಸ್ಪ್ರಿಂಗ್, ಅಂದರೆ ಒತ್ತಿದಾಗ ಪಕ್ಕಕ್ಕೆ ಬಾಗುವ ಸುರುಳಿಯ ವಿಧಾನ ರೂಪುಗೊಂಡಿತು. ಐಬಿಎಂನ ರಿಚರ್ಡ್ ಹಂಟರ್ ಹ್ಯಾರಿಸ್ ಅವರ ಹೆಸರಿನಲ್ಲಿ ಇದರ ಪ್ರಮುಖ ಪೇಟೆಂಟ್ 1978ರಲ್ಲಿ ಮಂಜೂರಾಯಿತು. 1981ರಲ್ಲಿ ಐಬಿಎಂ ಪಿಸಿಯೊಂದಿಗೆ ಬಂದ 83 ಕೀಲಿಗಳ ಮಾಡೆಲ್ ಎಫ್ ಮತ್ತು 1984ರಲ್ಲಿ ಪಿಸಿ ಎಟಿಯೊಂದಿಗೆ ಬಂದ 84 ಕೀಲಿಗಳ ಮಾಡೆಲ್ ಎಫ್ ಈ ವಿಧಾನವನ್ನು ಜನಸಾಮಾನ್ಯರ ಮೇಜಿಗೆ ತಂದವು. ತಯಾರಿಕೆಯ ವೆಚ್ಚವನ್ನು ತಗ್ಗಿಸಲು ರೂಪಿಸಿದ ಮಾಡೆಲ್ ಎಂ 1985ರಲ್ಲಿ ಬಂದಿತು. 1987ರಲ್ಲಿ ಪಿಎಸ್/2 ಗಣಕಗಳೊಂದಿಗೆ ಅದು ವ್ಯಾಪಕವಾಗಿ ಹರಡಿತು. ಇಂದು ಎಲ್ಲೆಡೆ ಕಾಣುವ ಕೀಲಿಗಳ ಜೋಡಣೆ, ಅಂದರೆ ಮೇಲೆ ಸಾಲಾಗಿ ಹನ್ನೆರಡು ಫಂಕ್ಷನ್ ಕೀಲಿಗಳು, ನಡುವೆ ತಲೆಕೆಳಗಾದ ಟಿ ಆಕಾರದ ಬಾಣದ ಕೀಲಿಗಳು, ಬಲಕ್ಕೆ ಅಂಕಿಗಳ ಗುಂಪು, ಮಾಡೆಲ್ ಎಂ ಮೂಲಕವೇ ಪಿಸಿ ಜಗತ್ತಿನಲ್ಲಿ ನೆಲೆಗೊಂಡಿತು.

1991ರಲ್ಲಿ ಐಬಿಎಂ ತನ್ನ ಬೆರಳಚ್ಚು ಯಂತ್ರ, ಮುದ್ರಕ ಹಾಗೂ ಕೀಲಿಮಣೆ ವಿಭಾಗವನ್ನು ಲೆಕ್ಸ್‌ಮಾರ್ಕ್ ಎಂಬ ಪ್ರತ್ಯೇಕ ಸಂಸ್ಥೆಯನ್ನಾಗಿ ಮಾಡಿತು. 1996ರಲ್ಲಿ ಲೆಕ್ಸ್‌ಮಾರ್ಕ್ ಕೀಲಿಮಣೆ ತಯಾರಿಕೆಯನ್ನು ನಿಲ್ಲಿಸಿದಾಗ, ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ ನಗರದ ಯೂನಿಕಾಂಪ್ ಸಂಸ್ಥೆಯು ತಯಾರಿಕೆಯ ಉಪಕರಣಗಳನ್ನು ಕೊಂಡು ಅದೇ ಮಾದರಿಯ ಕೀಲಿಮಣೆಗಳನ್ನು ಮುಂದುವರಿಸಿತು. ಅದರ ಕೀಲಿ ಟೊಪ್ಪಿಗೆಗಳು ಹಳೆಯ ಮಾಡೆಲ್ ಎಂಗೂ ಹೊಂದುವುದರಿಂದ ಜೀರ್ಣೋದ್ಧಾರಕ್ಕೆ ಇದು ದೊಡ್ಡ ಅನುಕೂಲವಾಗಿದೆ.

ರಚನೆ ಮತ್ತು ಕಾರ್ಯವಿಧಾನ

ಬಕ್ಲಿಂಗ್ ಸ್ಪ್ರಿಂಗ್ ಕೀಲಿಯಲ್ಲಿ ಟೊಪ್ಪಿಗೆಯ ಕೆಳಗೆ ಒಂದು ಕೊಳವೆ, ಅದರೊಳಗೆ ಒಂದು ಸುರುಳಿ, ಸುರುಳಿಯ ಬುಡದಲ್ಲಿ ತೂಗಾಡುವ ಒಂದು ಚಿಕ್ಕ ಬಡಿಗೆ ಇರುತ್ತವೆ. ಕೀಲಿಯನ್ನು ಒತ್ತಿದಾಗ ಸುರುಳಿ ಮೊದಲು ಕುಗ್ಗುತ್ತದೆ. ಒಂದು ಹಂತವನ್ನು ದಾಟಿದೊಡನೆ ಅದು ನೇರವಾಗಿ ನಿಲ್ಲಲಾರದೆ ಥಟ್ಟನೆ ಪಕ್ಕಕ್ಕೆ ಬಾಗಿ ಕೊಳವೆಯ ಗೋಡೆಗೆ ತಾಗುತ್ತದೆ. ಆ ಕ್ಷಣದಲ್ಲೇ ಬುಡದ ಬಡಿಗೆ ಮಗುಚಿ ಸಂಕೇತವನ್ನು ಉಂಟುಮಾಡುತ್ತದೆ. ಬೆರಳಿಗೆ ತಿಳಿಯುವ ಸಡಿಲಿಕೆ, ಕಿವಿಗೆ ಕೇಳುವ ಸದ್ದು, ಗಣಕಕ್ಕೆ ತಲಪುವ ಸಂಕೇತ ಈ ಮೂರೂ ಒಂದೇ ಘಟನೆಯಿಂದ ಹುಟ್ಟುವುದು ಈ ರಚನೆಯ ವೈಶಿಷ್ಟ್ಯ.

ಸಂಕೇತವನ್ನು ಗ್ರಹಿಸುವ ರೀತಿಯಲ್ಲಿ ಎರಡು ಮಾದರಿಗಳು ಬೇರೆಯಾಗುತ್ತವೆ. ಮಾಡೆಲ್ ಎಫ್‌ನಲ್ಲಿ ಬಡಿಗೆಯು ಸರ್ಕ್ಯೂಟ್ ಬೋರ್ಡಿನ ಮೇಲಿನ ಲೋಹದ ಪಟ್ಟಿಗಳ ನಡುವಣ ವಿದ್ಯುತ್ ಧಾರಕತೆಯನ್ನು ಬದಲಿಸುತ್ತದೆ. ಇಲ್ಲಿ ಲೋಹಕ್ಕೆ ಲೋಹ ತಾಗುವ ಅಗತ್ಯವಿಲ್ಲ. ಏಕಕಾಲದಲ್ಲಿ ಎಷ್ಟು ಕೀಲಿಗಳನ್ನು ಒತ್ತಿದರೂ ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಗುರುತಿಸಲು ಸಾಧ್ಯ. ಮಾಡೆಲ್ ಎಂನಲ್ಲಿ ಬಡಿಗೆಯು ಮೂರು ಪದರಗಳ ಪ್ಲಾಸ್ಟಿಕ್ ಪೊರೆಯನ್ನು ಅದುಮುತ್ತದೆ. ಮೇಲಿನ ಮತ್ತು ಕೆಳಗಿನ ಪದರಗಳಲ್ಲಿ ವಿದ್ಯುದ್ವಾಹಕ ರೇಖೆಗಳಿದ್ದು, ನಡುವಿನ ಪದರದ ರಂಧ್ರದ ಮೂಲಕ ಅವು ಒಂದನ್ನೊಂದು ಮುಟ್ಟುತ್ತವೆ. ಇದು ಅಗ್ಗವಾದರೂ ಕೆಲವು ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಮೂರನೆಯದು ದಾಖಲಾಗದಿರಬಹುದು.

ವಯಸ್ಸಿನಿಂದ ಉಂಟಾಗುವ ದೋಷಗಳು

ಮಾಡೆಲ್ ಎಂನ ಅತಿ ದುರ್ಬಲ ಅಂಗವೆಂದರೆ ಅದರ ಪ್ಲಾಸ್ಟಿಕ್ ರಿವೆಟ್‌ಗಳು. ಕೊಳವೆಗಳಿರುವ ಪ್ಲಾಸ್ಟಿಕ್ ಹಲಗೆಯನ್ನು ಹಿಂಬದಿಯ ಉಕ್ಕಿನ ತಗಡಿಗೆ ಬಂಧಿಸಲು ಆ ಹಲಗೆಯಿಂದಲೇ ಹೊರಟ ಸಣ್ಣ ಗೂಟಗಳ ತುದಿಯನ್ನು ಕಾರ್ಖಾನೆಯಲ್ಲಿ ಕರಗಿಸಿ ಚಪ್ಪಟೆ ಮಾಡಲಾಗುತ್ತಿತ್ತು. ದಶಕಗಳು ಕಳೆದಂತೆ ಈ ಪ್ಲಾಸ್ಟಿಕ್ ಗಡುಸಾಗಿ, ಪೆಟ್ಟು ಬಿದ್ದಾಗ ರಿವೆಟ್‌ಗಳ ತಲೆಗಳು ಒಂದೊಂದಾಗಿ ಕಳಚುತ್ತವೆ. ಕೀಲಿಮಣೆಯನ್ನು ಅಲುಗಾಡಿಸಿದಾಗ ಒಳಗೆ ಚೂರುಗಳು ಗಲಗಲ ಎನ್ನುವುದು ಇದರ ಮೊದಲ ಸೂಚನೆ. ಹೆಚ್ಚು ರಿವೆಟ್‌ಗಳು ಹೋದ ಕಡೆ ಹಲಗೆ ಮತ್ತು ತಗಡಿನ ನಡುವೆ ಅಂತರ ಹೆಚ್ಚಿ, ಕೀಲಿಗಳು ಮಂಕಾಗುತ್ತವೆ ಅಥವಾ ಸಂಕೇತ ಕೊಡುವುದನ್ನೇ ನಿಲ್ಲಿಸುತ್ತವೆ. ಬಳಸದೆ ಕಪಾಟಿನಲ್ಲಿಟ್ಟ ಮಾತ್ರಕ್ಕೆ ಈ ದೋಷ ತಪ್ಪುವುದಿಲ್ಲ. ಮಾಡೆಲ್ ಎಂನಲ್ಲಿ ದ್ರವ ಚೆಲ್ಲುವುದೂ ಅಪಾಯಕರ. ಪೊರೆಗಳ ನಡುವೆ ಸೇರಿದ ತೇವಾಂಶವು ವಾಹಕ ರೇಖೆಗಳನ್ನು ತಿನ್ನುತ್ತದೆ.

ಮಾಡೆಲ್ ಎಫ್‌ನಲ್ಲಿ ಎರಡು ಲೋಹದ ತಗಡುಗಳು ಕೊಂಡಿಗಳಿಂದ ಬಂಧಿತವಾಗಿರುವುದರಿಂದ ರಿವೆಟ್‌ಗಳ ಸಮಸ್ಯೆಯಿಲ್ಲ. ಅಲ್ಲಿ ಹಾಳಾಗುವುದು ತಗಡುಗಳ ನಡುವಿನ ಫೋಮ್ ಹಾಸು. ಅದು ಕಾಲಾಂತರದಲ್ಲಿ ಪುಡಿಯಾಗುತ್ತದೆ ಅಥವಾ ಅಂಟು ಅಂಟಾಗುತ್ತದೆ. ಆಗ ಕೊಳವೆಗಳು ಸಡಿಲಗೊಂಡು, ಪುಡಿಯು ಬಡಿಗೆಗಳಡಿ ಸೇರಿ ಕೀಲಿಗಳು ಕೆಲಸ ಮಾಡುವುದಿಲ್ಲ. ತಗಡುಗಳ ತುಕ್ಕು, ಸುರುಳಿಗಳ ಸೊಟ್ಟತನ, ಹೊರಕವಚದ ಹಳದಿ ಬಣ್ಣ ಇವು ಸಾಮಾನ್ಯವಾಗಿ ಕಾಣುವ ಇತರ ದೋಷಗಳು.

ಜೀರ್ಣೋದ್ಧಾರದ ವಿಧಾನ

ಬಿಚ್ಚುವಿಕೆ ಮತ್ತು ಶುಚಿಗೊಳಿಸುವಿಕೆ

ಕೆಲಸಕ್ಕೆ ಮುನ್ನ ಕೀಲಿಮಣೆಯ ಪ್ರತಿಯೊಂದು ಕೀಲಿಯನ್ನೂ ಪರೀಕ್ಷಿಸಿ, ಛಾಯಾಚಿತ್ರ ತೆಗೆದಿಟ್ಟುಕೊಳ್ಳುವುದು ರೂಢಿ. ಮಾಡೆಲ್ ಎಂನ ಕವಚವನ್ನು ಹಿಡಿದಿರುವ ನಾಲ್ಕು ತಿರುಪುಗಳು ಆಳವಾದ ಕುಳಿಗಳಲ್ಲಿರುವುದರಿಂದ 5.5 ಮಿಲಿಮೀಟರ್ ಅಳತೆಯ, ತೆಳುವಾದ ಗೋಡೆಯ ಸಾಕೆಟ್ ಬೇಕಾಗುತ್ತದೆ. ಪೊರೆಯ ಬಾಲದಂಥ ತುದಿಗಳು ನಿಯಂತ್ರಕ ಬೋರ್ಡಿಗೆ ಸೇರಿರುತ್ತವೆ. ಇವನ್ನು ಎಳೆದು ಹರಿದರೆ ದುರಸ್ತಿ ಬಹಳ ಕಷ್ಟ.

ಮಾಡೆಲ್ ಎಂನ ಟೊಪ್ಪಿಗೆಗಳು ಬಹುಪಾಲು ಪಿಬಿಟಿ ಎಂಬ ಗಟ್ಟಿ ಪ್ಲಾಸ್ಟಿಕ್ಕಿನವು. ಅಕ್ಷರಗಳ ಬಣ್ಣವನ್ನು ಶಾಖದಿಂದ ಪ್ಲಾಸ್ಟಿಕ್ಕಿನೊಳಗೇ ಇಳಿಸಿರುವುದರಿಂದ ಅವು ಸುಲಭವಾಗಿ ಸವೆಯುವುದಿಲ್ಲ. ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ಕೆಲವು ಗಂಟೆ ನೆನೆಸಿ, ತೊಳೆದು, ಸಂಪೂರ್ಣವಾಗಿ ಒಣಗಿಸಿದರೆ ಸಾಕಾಗುತ್ತದೆ. ಲೋಹದ ಭಾಗಗಳಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಸೂಕ್ತ. ಅಸಿಟೋನ್ ಹಲವು ಪ್ಲಾಸ್ಟಿಕ್‌ಗಳನ್ನು ಕರಗಿಸುವುದರಿಂದ ಅದನ್ನು ಬಳಸಬಾರದು.

ಬೋಲ್ಟ್ ಜೋಡಣೆ

ಒಡೆದ ರಿವೆಟ್‌ಗಳ ಸ್ಥಾನದಲ್ಲಿ ಲೋಹದ ಬೋಲ್ಟ್‌ಗಳನ್ನು ಕೂರಿಸುವುದು ಮಾಡೆಲ್ ಎಂ ಜೀರ್ಣೋದ್ಧಾರದ ಮುಖ್ಯ ಕ್ರಿಯೆ. ಉಳಿದ ರಿವೆಟ್‌ಗಳ ತಲೆಗಳನ್ನು ಉಳಿಯಿಂದ ಕೆತ್ತಿ ತೆಗೆದಾಗ ಉಕ್ಕಿನ ತಗಡು ಬೇರ್ಪಡುತ್ತದೆ. ಪೊರೆ ಮತ್ತು ರಬ್ಬರ್ ಹಾಸನ್ನು ಎತ್ತಿ, ಬಡಿಗೆಗಳನ್ನು ಒಂದು ಪಾತ್ರೆಯಲ್ಲಿ ಕೂಡಿಡಲಾಗುತ್ತದೆ. ಬಳಿಕ ಗೂಟಗಳ ಬುಡದ ನಡುಮಧ್ಯದಲ್ಲಿ ಸುಮಾರು 1.5 ಮಿಲಿಮೀಟರ್ ವ್ಯಾಸದ ರಂಧ್ರಗಳನ್ನು ಕೊರೆಯಲಾಗುತ್ತದೆ. ರಂಧ್ರ ಓರೆಯಾದರೆ ಪಕ್ಕದ ಕೊಳವೆಗೆ ಹಾನಿಯಾಗುವುದರಿಂದ ಈ ಹಂತದಲ್ಲಿ ಆತುರ ಸಲ್ಲದು.

ಮರುಜೋಡಣೆಯಲ್ಲಿ ಬಡಿಗೆಗಳನ್ನು ಅವುಗಳ ಸ್ಥಾನದಲ್ಲಿ ಕೂರಿಸಿ, ಮೇಲೆ ರಬ್ಬರ್ ಹಾಸು, ಪೊರೆ ಮತ್ತು ತಗಡನ್ನು ಕ್ರಮವಾಗಿ ಇಟ್ಟು, ಎಂ2 ಅಳತೆಯ ಬೋಲ್ಟ್ ಮತ್ತು ನಟ್‌ಗಳಿಂದ ಬಂಧಿಸಲಾಗುತ್ತದೆ. ಒಂದೇ ಕಡೆ ಪೂರ್ತಿ ಬಿಗಿಯದೆ, ಎಲ್ಲ ಕಡೆಯೂ ಸ್ವಲ್ಪ ಸ್ವಲ್ಪವಾಗಿ ಬಿಗಿಯುತ್ತ ಹೋದರೆ ತಗಡಿನ ಬಾಗು ಸಮನಾಗಿ ಉಳಿಯುತ್ತದೆ. ಅತಿಯಾಗಿ ಬಿಗಿದರೆ ಹಳೆಯ ಪ್ಲಾಸ್ಟಿಕ್ ಬಿರಿಯಬಹುದು. ಹೀಗೆ ಸರಿಪಡಿಸಿದ ಕೀಲಿಮಣೆಯನ್ನು ಮುಂದೆ ತಿರುಪುಳಿಯೊಂದರಿಂದಲೇ ಬಿಚ್ಚಬಹುದು. ಮೂಲ ವಿನ್ಯಾಸದಲ್ಲಿ ಇಲ್ಲದಿದ್ದ ಅನುಕೂಲವಿದು.

ಫೋಮ್ ಬದಲಾವಣೆ

ಮಾಡೆಲ್ ಎಫ್‌ನಲ್ಲಿ ಹಳೆಯ ಫೋಮನ್ನು ಕೆರೆದು ತೆಗೆದು, ಕೊಳವೆಗಳ ಸ್ಥಾನಕ್ಕೆ ಸರಿಯಾಗಿ ರಂಧ್ರ ಕತ್ತರಿಸಿದ ಹೊಸ ಹಾಸನ್ನು ಹಾಕಲಾಗುತ್ತದೆ. ಹಾಸಿನ ದಪ್ಪದ ಆಯ್ಕೆಯೇ ಇಲ್ಲಿ ನಿರ್ಣಾಯಕ. ತೆಳುವಾದರೆ ಕೊಳವೆಗಳು ಅಲುಗಾಡುತ್ತವೆ, ದಪ್ಪವಾದರೆ ಎರಡು ತಗಡುಗಳ ಕೊಂಡಿಗಳು ಕೂಡುವುದಿಲ್ಲ. ತಗಡುಗಳನ್ನು ಮತ್ತೆ ಸೇರಿಸುವಾಗ ಹಿಡಿಕೆಗಳಿಂದ ಅದುಮಿ ನಿಧಾನವಾಗಿ ಸರಿಸಬೇಕಾಗುತ್ತದೆ. ಈ ನಡುವೆ ಒಂದು ಬಡಿಗೆ ಜಾರಿದರೂ ಆ ಕೀಲಿ ಕೆಲಸ ಮಾಡದು. ಆದ್ದರಿಂದ ಮುಚ್ಚಿದ ಕೂಡಲೇ ಎಲ್ಲ ಕೀಲಿಗಳನ್ನೂ ಪರೀಕ್ಷಿಸಲಾಗುತ್ತದೆ.

ಹಳದಿ ಬಣ್ಣದ ನಿವಾರಣೆ

ಎಬಿಎಸ್ ಮುಂತಾದ ಪ್ಲಾಸ್ಟಿಕ್‌ಗಳು ವರ್ಷಗಳು ಕಳೆದಂತೆ ಹಳದಿಗಟ್ಟುತ್ತವೆ. ಹೈಡ್ರೋಜನ್ ಪೆರಾಕ್ಸೈಡ್ ಲೇಪಿಸಿ ನೇರಳಾತೀತ ಬೆಳಕಿಗೆ ಒಡ್ಡುವ ವಿಧಾನವು 2008ರ ಸುಮಾರಿಗೆ ಹಳೆಯ ಗಣಕಗಳ ಆಸಕ್ತರಲ್ಲಿ ರೆಟ್ರೊಬ್ರೈಟ್ ಎಂಬ ಹೆಸರಿನಿಂದ ಪ್ರಚಾರಕ್ಕೆ ಬಂದಿತು. ಲೇಪನ ಅಸಮವಾದರೆ ಅಳಿಸಲಾಗದ ಪಟ್ಟೆಗಳು ಮೂಡುತ್ತವೆ. ಯಶಸ್ವಿಯಾದರೂ ಕಾಲಾಂತರದಲ್ಲಿ ಹಳದಿ ಬಣ್ಣ ಮರಳುವುದುಂಟು. ಗಾಢ ಪೆರಾಕ್ಸೈಡ್ ಚರ್ಮವನ್ನೂ ಕಣ್ಣನ್ನೂ ಸುಡುವುದರಿಂದ ಕೈಗವಸು ಮತ್ತು ಕನ್ನಡಕ ಅತ್ಯಗತ್ಯ.

ಮಾರ್ಪಾಡುಗಳು

ಇಂದಿನ ಗಣಕಗಳಿಗೆ ಸಂಪರ್ಕ

ಐಬಿಎಂ ಪಿಸಿ ಮತ್ತು ಪಿಸಿ ಎಟಿ ಎರಡರ ಕೀಲಿಮಣೆಗಳೂ ಐದು ಮೊಳೆಗಳ ಒಂದೇ ಬಗೆಯ ಪ್ಲಗ್ ಹೊಂದಿದ್ದರೂ ಅವುಗಳ ಸಂವಹನ ನಿಯಮಗಳು ಬೇರೆ. ಮೊದಲನೆಯದು ಗಣಕಕ್ಕೆ ಸಂಕೇತ ಕಳುಹಿಸುತ್ತದೆಯೇ ಹೊರತು ಅದರಿಂದ ಆಜ್ಞೆಗಳನ್ನು ಸ್ವೀಕರಿಸುವುದಿಲ್ಲ. ಎರಡನೆಯದು ಎರಡೂ ದಿಕ್ಕಿನಲ್ಲಿ ಸಂವಹಿಸುತ್ತದೆ. ಆದ್ದರಿಂದ ಪ್ಲಗ್ ಕೂಡಿದ ಮಾತ್ರಕ್ಕೆ ಕೀಲಿಮಣೆ ಕೆಲಸ ಮಾಡುವುದೆಂದು ಭಾವಿಸಲಾಗದು. ಎಟಿ ಮತ್ತು ಪಿಎಸ್/2 ನಡುವೆ ಕೇವಲ ಪ್ಲಗ್ ಬದಲಿಸುವ ಅಡಾಪ್ಟರ್ ಸಾಕು. ಯುಎಸ್‌ಬಿಗೆ ಮಾತ್ರ ಸಂಕೇತಗಳನ್ನು ಪರಿವರ್ತಿಸುವ ಮೈಕ್ರೊಕಂಟ್ರೋಲರ್ ಬೇಕು. ಟಿಎಂಕೆ ಮತ್ತು ಕ್ಯುಎಂಕೆ ಎಂಬ ಮುಕ್ತ ಆಕರ ಫರ್ಮ್‌ವೇರ್‌ಗಳನ್ನು ಇದಕ್ಕಾಗಿ ಬಳಸಲಾಗುತ್ತದೆ. ಪಿಎಸ್/2 ಸಂಪರ್ಕವನ್ನು ಗಣಕ ಚಾಲನೆಯಲ್ಲಿರುವಾಗ ಸೇರಿಸುವುದಾಗಲಿ ಕಳಚುವುದಾಗಲಿ ಸುರಕ್ಷಿತವಲ್ಲ.

ಕೀಲಿಗಳ ಮರುವಿನ್ಯಾಸ ಮತ್ತು ಸದ್ದು

101 ಕೀಲಿಗಳ ಮಾಡೆಲ್ ಎಂನಲ್ಲಿ ವಿಂಡೋಸ್ ಕೀಲಿ ಇಲ್ಲ. ಪರಿವರ್ತಕದ ಫರ್ಮ್‌ವೇರ್‌ನಲ್ಲಿ ಕ್ಯಾಪ್ಸ್ ಲಾಕ್‌ನಂಥ ಕಡಿಮೆ ಬಳಕೆಯ ಕೀಲಿಗೆ ಆ ಕಾರ್ಯವನ್ನು ವಹಿಸಬಹುದು. ಸುರುಳಿಯ ಲೋಹದ ಝೇಂಕಾರವನ್ನು ತಗ್ಗಿಸಲು ಪ್ರತಿ ಸುರುಳಿಯೊಳಗೆ ಹಲ್ಲುಜ್ಜುವ ದಾರದ ತುಂಡನ್ನು ಇಡುವುದು ಜನಪ್ರಿಯವಾದ, ಸುಲಭವಾಗಿ ಹಿಂತೆಗೆಯಬಲ್ಲ ಮಾರ್ಪಾಡು.

ಇತರ ಬಗೆಯ ಕೀಲಿಮಣೆಗಳು

1987ರ ಆಪಲ್ ಎಕ್ಸ್‌ಟೆಂಡೆಡ್ ಕೀಲಿಮಣೆಯಲ್ಲಿ ಜಪಾನಿನ ಆಲ್ಪ್ಸ್ ಸಂಸ್ಥೆಯ ಸ್ವಿಚ್‌ಗಳಿವೆ. ಇವು ಧೂಳಿಗೆ ಬಹಳ ಸೂಕ್ಷ್ಮ. ಒಮ್ಮೆ ಧೂಳು ಸೇರಿ ಸ್ಪರ್ಶ ಒರಟಾದರೆ ಪ್ರತಿ ಸ್ವಿಚ್ಚನ್ನೂ ಬಿಚ್ಚಿ ಶುಚಿಗೊಳಿಸಬೇಕಾಗುತ್ತದೆ. ಕೀ ಟ್ರಾನಿಕ್ ಸಂಸ್ಥೆಯ ಹಲವು ಕೀಲಿಮಣೆಗಳಲ್ಲಿ ಪ್ರತಿ ಕೀಲಿಯಡಿ ಫೋಮ್ ಮತ್ತು ಲೋಹಲೇಪಿತ ಹಾಳೆಯ ಬಿಲ್ಲೆ ಇರುತ್ತದೆ. ಆಪಲ್ ಲೀಸಾದ ಕೀಲಿಮಣೆ ಈ ಬಗೆಯದು. ಫೋಮ್ ಪುಡಿಯಾದಾಗ ಎಲ್ಲ ಬಿಲ್ಲೆಗಳನ್ನೂ ಬದಲಿಸುವುದೇ ಪರಿಹಾರ. ಚೆರಿ ಎಂಎಕ್ಸ್ ಸ್ವಿಚ್‌ಗಳಿರುವ ಕೀಲಿಮಣೆಗಳಲ್ಲಿ ಕೆಟ್ಟ ಸ್ವಿಚ್ಚಿನ ಬೆಸುಗೆ ಬಿಡಿಸಿ ಹೊಸದನ್ನು ಕೂರಿಸಬಹುದು.

ಕನ್ನಡ ಬೆರಳಚ್ಚಿನಲ್ಲಿ ಬಳಕೆ

ಕೀಲಿಮಣೆಯು ಗಣಕಕ್ಕೆ ಕಳುಹಿಸುವುದು ಅಕ್ಷರವನ್ನಲ್ಲ, ಒತ್ತಿದ ಕೀಲಿಯ ಸ್ಥಾನಸಂಖ್ಯೆಯನ್ನು. ಅಕ್ಷರವನ್ನು ನಿರ್ಧರಿಸುವುದು ಗಣಕದ ತಂತ್ರಾಂಶ. ಆದ್ದರಿಂದ ಕನ್ನಡ ಯೂನಿಕೋಡ್ ಇನ್ನೂ ಹುಟ್ಟದಿದ್ದ ಕಾಲದ ಕೀಲಿಮಣೆಯಿಂದಲೂ ಇಂದು ಕನ್ನಡವನ್ನು ಬೆರಳಚ್ಚಿಸಬಹುದು. ಕೆ. ಪಿ. ರಾವ್ ಅವರು ರೂಪಿಸಿದ ಧ್ವನ್ಯಾತ್ಮಕ ವಿನ್ಯಾಸವು ಇಂಗ್ಲಿಷ್ ಕೀಲಿಗಳ ಸ್ಥಾನವನ್ನೇ ಆಧರಿಸಿರುವುದರಿಂದ ಟೊಪ್ಪಿಗೆಗಳ ಮೇಲೆ ಕನ್ನಡ ಅಕ್ಷರಗಳಿಲ್ಲದಿದ್ದರೂ ತೊಡಕಾಗುವುದಿಲ್ಲ. ಈ ವಿನ್ಯಾಸದಲ್ಲಿ ಒತ್ತಕ್ಷರಗಳಿಗಾಗಿ ಎಫ್ ಕೀಲಿಯನ್ನು ಮೇಲಿಂದ ಮೇಲೆ ಬಳಸಬೇಕಾಗುತ್ತದೆ. ಹೀಗಾಗಿ ಆ ಒಂದು ಕೀಲಿ ಮಂಕಾದರೂ ಕನ್ನಡ ಬರವಣಿಗೆ ಕುಂಟುತ್ತದೆ. ಇನ್‌ಸ್ಕ್ರಿಪ್ಟ್ ವಿನ್ಯಾಸಕ್ಕೆ ಅಕ್ಷರಸ್ಥಾನಗಳ ಕಂಠಪಾಠ ಅಥವಾ ಅಂಟುಚೀಟಿಗಳು ಬೇಕಾಗುತ್ತವೆ.

ಸಂರಕ್ಷಣೆ ಮತ್ತು ಭಿನ್ನಾಭಿಪ್ರಾಯಗಳು

ಜೀರ್ಣೋದ್ಧಾರದಲ್ಲಿ ಎಷ್ಟರ ಮಟ್ಟಿಗೆ ಬದಲಾವಣೆ ಒಪ್ಪಿತ ಎಂಬುದರ ಬಗ್ಗೆ ಒಮ್ಮತವಿಲ್ಲ. ರಿವೆಟ್‌ಗಳನ್ನು ಕೆತ್ತಿದ ಮೇಲೆ ಕೀಲಿಮಣೆಯನ್ನು ಕಾರ್ಖಾನೆಯ ಸ್ಥಿತಿಗೆ ತರಲಾಗದು. ಕೆತ್ತದೆ ಬಿಟ್ಟರೆ ಅದು ಕ್ರಮೇಣ ನಿಷ್ಕ್ರಿಯವಾಗುವುದು ಬಹುಮಟ್ಟಿಗೆ ಖಚಿತ. ವಸ್ತುವಿನ ಮೂಲರೂಪ ಮುಖ್ಯವೋ, ಅದು ಹುಟ್ಟಿದ ಉದ್ದೇಶಕ್ಕೆ ಬಳಕೆಯಾಗುವುದು ಮುಖ್ಯವೋ ಎಂಬ ಪ್ರಶ್ನೆ ಇಲ್ಲಿ ಎದುರಾಗುತ್ತದೆ. ಹಿಂತೆಗೆಯಬಲ್ಲ ಬದಲಾವಣೆಗಳನ್ನೇ ಮೊದಲು ಪ್ರಯತ್ನಿಸುವುದು, ತೆಗೆದ ಮೂಲಭಾಗಗಳನ್ನು ಕಾಪಾಡುವುದು, ಮಾಡಿದ ಕೆಲಸವನ್ನು ಬರೆದಿಡುವುದು ಸಾಮಾನ್ಯವಾಗಿ ಒಪ್ಪಿತವಾದ ಶಿಸ್ತು. ಮಾಡೆಲ್ ಎಂನ ಹಿಂಬದಿಯಲ್ಲಿ ಭಾಗಸಂಖ್ಯೆ, ಕ್ರಮಸಂಖ್ಯೆ ಮತ್ತು ತಯಾರಿಕೆಯ ದಿನಾಂಕವಿರುವ ಚೀಟಿಯಿರುತ್ತದೆ. ಸಂಗ್ರಾಹಕರು ಇದನ್ನು ಜನ್ಮಪತ್ರವೆಂದು ಕರೆಯುತ್ತಾರೆ. ತೊಳೆಯುವಾಗ ಈ ಚೀಟಿ ನೆನೆದು ಅಳಿಸಿಹೋದರೆ ಆ ಕೀಲಿಮಣೆಯ ಹಿನ್ನೆಲೆಯನ್ನು ತಿಳಿಯುವ ಸುಲಭ ಆಧಾರವೊಂದು ಇಲ್ಲವಾಗುತ್ತದೆ.

ಟೊಪ್ಪಿಗೆಗಳಿಗಾಗಿ ಮಾತ್ರ ಹಳೆಯ ಕೀಲಿಮಣೆಗಳನ್ನು ಕಿತ್ತು, ಉಳಿದುದನ್ನು ಎಸೆಯುವ ಪ್ರವೃತ್ತಿಯೂ ಟೀಕೆಗೆ ಒಳಗಾಗಿದೆ. ಅಪರೂಪದ ಟರ್ಮಿನಲ್ ಕೀಲಿಮಣೆಗಳ ವಿಷಯದಲ್ಲಿ ಈ ನಷ್ಟವನ್ನು ತುಂಬಲಾಗುವುದಿಲ್ಲ. ಅದೇ ವೇಳೆ, ದುರಸ್ತಿಗೆ ನಿಲುಕದ ಒಂದು ಕೀಲಿಮಣೆಯ ಸುರುಳಿ, ಬಡಿಗೆ ಮತ್ತು ಟೊಪ್ಪಿಗೆಗಳಿಂದ ಇತರ ಹಲವನ್ನು ಉಳಿಸಿಕೊಳ್ಳಬಹುದೆಂಬುದೂ ನಿಜ.

ಇವನ್ನೂ ನೋಡಿ

ಬೆರಳಚ್ಚು ಯಂತ್ರ
ಕೆ. ಪಿ. ರಾವ್
ಇನ್‌ಸ್ಕ್ರಿಪ್ಟ್ ಕೀಲಿಮಣೆ ವಿನ್ಯಾಸ
ಐಬಿಎಂ ಪಿಸಿ