ಬೆಂಜೀನಿನಿಂದ ಸೈಕ್ಲೊಹೆಕ್ಸೇನ್: ಉಷ್ಣವನ್ನು ಪಳಗಿಸುವ ಬಗೆ

ಎಣ್ಣೆಯನ್ನು ವನಸ್ಪತಿಯಾಗಿಸುವಲ್ಲಿ ನಿಕ್ಕಲ್‌ನ ಪಾತ್ರವನ್ನು ನೀವು ತರಗತಿಯಲ್ಲಿ ವಿವರಿಸಿರುತ್ತೀರಿ, ಇಲ್ಲವೇ ಕೇಳಿರುತ್ತೀರಿ. ಅದೇ ನಿಕ್ಕಲ್ ಬೆಂಜೀನನ್ನು ಸೈಕ್ಲೊಹೆಕ್ಸೇನ್ ಆಗಿಯೂ ಮಾರ್ಪಡಿಸಬಲ್ಲದು. ಫ್ರಾನ್ಸಿನ ಸಬಾಟ್ಯೇ ಮತ್ತು ಸೆಂಡೆರೆನ್ಸ್ ಇದನ್ನು 1901ರಲ್ಲಿ ತೋರಿಸಿದರು. ಸೈಕ್ಲೊಹೆಕ್ಸೇನ್ ರಾಳ, ಮೇಣ, ಕೊಬ್ಬುಗಳನ್ನು ಕರಗಿಸುವ ದ್ರಾವಕ. ಅದರ ಬಹುಪಾಲು ನೈಲಾನ್ ತಯಾರಿಕೆಗೆ ಹೋಗುತ್ತದೆ.

ಸಮೀಕರಣವೇನೋ ಸರಳ. ಒಂದು ಬೆಂಜೀನ್ ಅಣು, ಮೂರು ಹೈಡ್ರೊಜನ್ ಅಣುಗಳು ಸೇರಿ ಒಂದು ಸೈಕ್ಲೊಹೆಕ್ಸೇನ್ ಅಣು. ಹಾಗಾದರೆ ಚುರುಕಾದ ಕ್ರಿಯಾವರ್ಧಕವಿದ್ದರೆ ಸಾಕಲ್ಲವೆ? ಸಾಲದು. ಇಲ್ಲಿ ರಸಾಯನವಿಜ್ಞಾನಿಯ ಜೊತೆಗೆ ನನ್ನಂಥ ಭೌತವಿಜ್ಞಾನದ ಮೇಷ್ಟ್ರಿಗೂ ಕೆಲಸವಿದೆ.

ಇದು ತೀವ್ರ ಬಹಿರುಷ್ಣಕ ಕ್ರಿಯೆ. ಪ್ರತಿ ಮೋಲ್‌ಗೆ ಸುಮಾರು 206 ಕಿಲೋಜೂಲ್ ಉಷ್ಣ ಹೊರಬರುತ್ತದೆ. ತಾಪ ಏರಿದರೆ ಕ್ರಿಯೆಯ ವೇಗ ಹೆಚ್ಚುತ್ತದೆ, ವೇಗ ಹೆಚ್ಚಿದರೆ ತಾಪ ಮತ್ತೂ ಏರುತ್ತದೆ. ಸಾಮಾನ್ಯ ವಾಯು ಒತ್ತಡದಲ್ಲಿ 300 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಂತೆ ಸಮತೋಲ ಹಿಂದಕ್ಕೆ ವಾಲಿ, ಆದ ಸೈಕ್ಲೊಹೆಕ್ಸೇನ್ ಮತ್ತೆ ಬೆಂಜೀನಾಗತೊಡಗುತ್ತದೆ. ಒತ್ತಡ ಹೆಚ್ಚಿಸಿದರೆ ಲೆ ಶಾಟ್ಲಿಯೇ ತತ್ತ್ವದಂತೆ ನಾಲ್ಕು ಅಣುಗಳು ಒಂದಾಗುವ ದಿಕ್ಕಿಗೆ ಅನುಕೂಲ. ಆದರೂ ತಾಪ ಮಿತಿಮೀರಿದರೆ ಆರು ಕಾರ್ಬನ್‌ಗಳ ಉಂಗುರ ಐದಕ್ಕೆ ಕುಗ್ಗಿ, ಬೇಡವಾದ ಮೀಥೈಲ್‌ಸೈಕ್ಲೊಪೆಂಟೇನ್ ಹುಟ್ಟುತ್ತದೆ.

ಉಳಿದ ಬೆಂಜೀನನ್ನು ಆಮೇಲೆ ಬಟ್ಟಿ ಇಳಿಸಿ ಬೇರ್ಪಡಿಸಬಹುದಲ್ಲ ಎಂದು ನೀವು ಕೇಳಬಹುದು. ಬೆಂಜೀನಿನ ಕುದಿಬಿಂದು 80.1 ಡಿಗ್ರಿ, ಸೈಕ್ಲೊಹೆಕ್ಸೇನಿನದು 80.7! ಸಾಮಾನ್ಯ ಆಸವನಕ್ಕೆ ಇವು ಜಗ್ಗುವುದಿಲ್ಲ. ಬೆಂಜೀನಾದರೋ ರಕ್ತದ ಕ್ಯಾನ್ಸರ್ ತರಬಲ್ಲ ವಸ್ತು. ದ್ರಾವಕದ ಆವಿಯನ್ನು ದಿನವೂ ಉಸಿರಾಡುವ ಕೆಲಸಗಾರನ ಮಟ್ಟಿಗೆ ಅದರ ಅಲ್ಪಾಂಶವೂ ಅಲಕ್ಷಿಸುವಂಥದ್ದಲ್ಲ. ಆದ್ದರಿಂದ ಅದನ್ನು ಕ್ರಿಯಾಪಾತ್ರೆಯಲ್ಲೇ ಬಹುತೇಕ ಮುಗಿಸಬೇಕು.

ಫ್ರೆಂಚ್ ಪೆಟ್ರೋಲಿಯಂ ಸಂಸ್ಥೆ ಕಂಡುಕೊಂಡ ವಿಧಾನ ಜಾಣತನದ್ದು. ನಿಕ್ಕಲ್-ಅಲ್ಯೂಮಿನಿಯಂ ಮಿಶ್ರಲೋಹದಿಂದ ಅಲ್ಯೂಮಿನಿಯಮನ್ನು ಕಾಸ್ಟಿಕ್ ಸೋಡಾದಲ್ಲಿ ಕರಗಿಸಿ ತೆಗೆದರೆ ಸ್ಪಂಜಿನಂಥ ರೇನಿ ನಿಕ್ಕಲ್ ಉಳಿಯುತ್ತದೆ. ಇದರ ಪುಡಿಯನ್ನು ದ್ರವ ಸೈಕ್ಲೊಹೆಕ್ಸೇನಿನಲ್ಲಿ ತೇಲಿಸಿ, ಸುಮಾರು 200 ಡಿಗ್ರಿಯಲ್ಲಿ, ಹೆಚ್ಚಿನ ಒತ್ತಡದಲ್ಲಿ ಬೆಂಜೀನ್ ಮತ್ತು ಹೈಡ್ರೊಜನ್ ಹಾಯಿಸುತ್ತಾರೆ. ದ್ರವವನ್ನು ಹೊರಗಿನ ಉಷ್ಣ ವಿನಿಮಯಕದಲ್ಲಿ ಸುತ್ತಿಸಿ, ಬಂದ ಉಷ್ಣದಿಂದ ನೀರಾವಿ ಪಡೆಯುತ್ತಾರೆ. ಉಳಿದ ಉಷ್ಣವನ್ನು ಆವಿಯಾಗುವ ಸೈಕ್ಲೊಹೆಕ್ಸೇನೇ ಹೊತ್ತೊಯ್ಯುತ್ತದೆ. ಲೆಕ್ಕ ಹಾಕಿ ನೋಡಿ: ಕುದಿಬಿಂದುವಿನಲ್ಲಿ ಅದರ ಆವೀಕರಣದ ಗುಪ್ತೋಷ್ಣ ಮೋಲ್‌ಗೆ ಸುಮಾರು 30 ಕಿಲೋಜೂಲ್. ಅಂದರೆ ಒಂದು ಮೋಲ್ ಬೆಂಜೀನ್ ಬಿಡುವ ಉಷ್ಣ ಹೆಚ್ಚುಕಡಿಮೆ ಏಳು ಮೋಲ್ ಸೈಕ್ಲೊಹೆಕ್ಸೇನನ್ನು ಆವಿಯಾಗಿಸಬಲ್ಲದು. ಹೊರಬಂದ ಆವಿ ಎರಡನೆಯ ಪಾತ್ರೆಯ ಘನ ಕ್ರಿಯಾವರ್ಧಕದ ಮೇಲೆ ಹಾಯುವಾಗ ಅಳಿದುಳಿದ ಬೆಂಜೀನೂ ತೀರುತ್ತದೆ. ಅಲ್ಲಿ ಹುಟ್ಟುವ ಉಷ್ಣ ಅಲ್ಪ, ಹಾಗಾಗಿ ಭಯವಿಲ್ಲ. ಮುಂದೆ ಪುಡಿಯ ಬದಲು ದ್ರವದಲ್ಲೇ ಕರಗುವ ನಿಕ್ಕಲ್ ಸಂಯುಕ್ತ ಬಂದಿತು. ಇದು ತಳದಲ್ಲಿ ಕೂರುವ ಚಿಂತೆಯಿಲ್ಲ.

ಇಷ್ಟಾದರೂ ಗಂಧಕ ಬಂದರೆ ನಿಕ್ಕಲ್ ಸತ್ತಂತೆಯೇ. ಕಲ್ಲಿದ್ದಲ ಡಾಂಬರಿನ ಬೆಂಜೀನಿನಲ್ಲಿ ಗಂಧಕವುಳ್ಳ ಥಯೋಫೀನ್ ಅಡಗಿರುತ್ತದೆ. ಅದರ ಕುದಿಬಿಂದುವೂ 84 ಡಿಗ್ರಿ. ಅದು ಪತ್ತೆಯಾದದ್ದೇ ಪಾಠದ ನಡುವೆ. 1882ರಲ್ಲಿ ವಿಕ್ಟರ್ ಮೇಯರ್ ತರಗತಿಯಲ್ಲಿ ಬೆಂಜೀನಿನ ನೀಲಿ ಬಣ್ಣದ ಪರೀಕ್ಷೆ ತೋರಿಸಹೊರಟರೆ ಬಣ್ಣವೇ ಬರಲಿಲ್ಲ! ಅಂದಿನ ಮಾದರಿಯನ್ನು ಬೆಂಜೋಯಿಕ್ ಆಮ್ಲದಿಂದ ತಯಾರಿಸಿದ್ದರು. ಎಂದಿನ ನೀಲಿ ಬಣ್ಣ ಥಯೋಫೀನಿನದಾಗಿತ್ತು.