ಅಜ್ಞಾನವೇ ಅಭಿಮಾನವಾದಾಗ

ತಿಳಿಯದಿರುವುದು ತಪ್ಪಲ್ಲ, ತಿಳಿಯದವನು ಬಲ್ಲವರನ್ನು ಕೇಳಿ ಕಲಿಯುತ್ತಾನೆ. ಆದರೆ ‘ನನಗೆ ತಿಳಿಯದು, ತಿಳಿಯಬೇಕಾದ ಅಗತ್ಯವೂ ಇಲ್ಲ’ ಎಂದು ಎದೆಯುಬ್ಬಿಸಿ ನುಡಿಯುವವನಿಗೆ ಕಲಿಸುವವರಾರು? ಅಮೆರಿಕದ ವಿಚಾರವಂತರನ್ನು ಬಹುಕಾಲದಿಂದ ಕಾಡುತ್ತಿರುವ ಪ್ರಶ್ನೆಯಿದು. ನಮ್ಮ ಅನೇಕ ಮನೆಗಳ ಮಕ್ಕಳು, ಮೊಮ್ಮಕ್ಕಳು ಅಲ್ಲಿ ನೆಲೆಸಿರುವುದರಿಂದ ಇದು ನಮಗೂ ದೂರದ ಮಾತಲ್ಲ.

ಆ ದೇಶವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆಂಡ್ರೂ ಕಾರ್ನೆಗಿಯವರ ದಾನದಿಂದ ಅಲ್ಲಿ 1,600ಕ್ಕೂ ಹೆಚ್ಚು ಗ್ರಂಥಾಲಯಗಳು ತಲೆಯೆತ್ತಿದವು. 1969ರಲ್ಲಿ ಚಂದ್ರನ ಮೇಲೆ ಮೊದಲ ಹೆಜ್ಜೆಯಿಟ್ಟವರೂ ಅವರೇ. ಆದರೆ ಅದೇ ನೆಲದ ಟೆನೆಸೀ ರಾಜ್ಯದಲ್ಲಿ 1925ರಲ್ಲಿ, ಮಾನವನ ವಿಕಾಸವನ್ನು ಬೋಧಿಸಿದ ಆರೋಪದ ಮೇಲೆ ಜಾನ್ ಸ್ಕೋಪ್ಸ್ ಎಂಬ ತರುಣ ಶಿಕ್ಷಕನಿಗೆ ನ್ಯಾಯಾಲಯವು 100 ಡಾಲರ್ ದಂಡ ವಿಧಿಸಿತು. ಮೇಲಿನ ನ್ಯಾಯಾಲಯವು ತಾಂತ್ರಿಕ ಕಾರಣದಿಂದ ಆ ತೀರ್ಪನ್ನು ತಳ್ಳಿಹಾಕಿತಾದರೂ ಶಾಸನ ರದ್ದಾದದ್ದು 1967ರಲ್ಲಿ.

ಈ ಪ್ರವೃತ್ತಿಯ ಬೇರುಗಳನ್ನು ಅರಸಿ ಇತಿಹಾಸಕಾರ ರಿಚರ್ಡ್ ಹಾಫ್‌ಸ್ಟ್ಯಾಟರ್ 1963ರಲ್ಲಿ ಒಂದು ಗ್ರಂಥವನ್ನೇ ರಚಿಸಿದರು. 1980ರಲ್ಲಿ ಲೇಖಕ ಐಸಾಕ್ ಆಸಿಮೋವ್ ನ್ಯೂಸ್‌ವೀಕ್ ಪತ್ರಿಕೆಯಲ್ಲಿ ಇದನ್ನೇ ಕುರಿತು ಎಚ್ಚರಿಸಿದರು. ಪ್ರಜಾಪ್ರಭುತ್ವದಲ್ಲಿ ಎಲ್ಲರ ಮತಕ್ಕೂ ಸಮಾನ ಬೆಲೆಯುಂಟು, ನಿಜ. ಆದರೆ ಅದರಿಂದ ತಿಳಿವಳಿಕೆಯೂ ಅಜ್ಞಾನವೂ ಸಮಾನವಾಗುವುದಿಲ್ಲ.

ಈ ಭ್ರಮೆಗೆ ಬೆಲೆ ತೆರುವವರು ಮಕ್ಕಳು. ಅಮೆರಿಕದಿಂದ ದಡಾರ ನಿರ್ಮೂಲವಾಯಿತೆಂದು 2000ನೇ ಇಸವಿಯಲ್ಲಿ ಘೋಷಿಸಲಾಗಿತ್ತು. ಎರಡು ಬಾರಿ ಲಸಿಕೆ ಹಾಕಿಸಿದರೆ ನೂರರಲ್ಲಿ ಸುಮಾರು 97 ಮಂದಿಗೆ ರಕ್ಷಣೆ ದೊರೆಯುತ್ತದೆ. ಹೀಗಿದ್ದೂ ವೈದ್ಯರ ಮಾತಿಗಿಂತ ಗಾಳಿಮಾತಿಗೆ ಕಿವಿಗೊಡುವವರು ಹೆಚ್ಚಿದರು. ಲಸಿಕೆಯನ್ನು ನಿರಾಕರಿಸುವುದೇ ಧೈರ್ಯವೆಂಬ ಪ್ರಚಾರವೂ ನಡೆಯಿತು. 2025ರಲ್ಲಿ, ಲಸಿಕೆ ಪಡೆದವರು ಕಡಿಮೆಯಿದ್ದ ಪಶ್ಚಿಮ ಟೆಕ್ಸಾಸ್‌ನಲ್ಲಿ ದಡಾರ ಹಬ್ಬಿ, ಆ ರಾಜ್ಯದಲ್ಲಿ 700ಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. ಲಸಿಕೆ ಪಡೆಯದ ಇಬ್ಬರು ಶಾಲಾಬಾಲಕಿಯರು ಅಸುನೀಗಿದರು. ಹೆತ್ತವರ ಮಮತೆಯಲ್ಲಿ ಕೊರತೆಯಿರುವುದಿಲ್ಲ. ಆದರೆ ಮಮತೆಯೊಂದೇ ಮಗುವನ್ನು ಕಾಯಲಾರದು, ಅದಕ್ಕೆ ತಿಳಿವಳಿಕೆಯೂ ಜೊತೆಗೂಡಬೇಕು.

ಪ್ರಶ್ನಿಸುವುದು ಬೇರೆ, ಉತ್ತರಕ್ಕೆ ಕಿವಿ ಮುಚ್ಚಿಕೊಳ್ಳುವುದು ಬೇರೆ. ಮೊದಲನೆಯದು ಜಿಜ್ಞಾಸೆ, ಎರಡನೆಯದು ಹಟ. ಈ ಹಟಕ್ಕೆ ಯಾವ ದೇಶವೂ, ಯಾವ ಮನೆಯೂ ಹೊರತಲ್ಲ. ಆದುದರಿಂದ ಮಗು ನಮಗೆ ತಿಳಿಯದ ಪ್ರಶ್ನೆಯೊಂದನ್ನು ಕೇಳಿದಾಗ ಗದರಿಸಿ ಬಾಯಿ ಮುಚ್ಚಿಸುವುದು ಬೇಡ. ‘ನನಗೂ ಗೊತ್ತಿಲ್ಲ ಕಂದಾ, ಬಾ, ಬಲ್ಲವರನ್ನು ಕೇಳೋಣ’ ಎನ್ನೋಣ. ಮಗುವಿನ ಮುಂದೆ ಹೀಗೆ ಒಪ್ಪಿಕೊಳ್ಳುವುದರಿಂದ ಹಿರಿಯರ ಹಿರಿತನಕ್ಕೆ ಕುಂದಿಲ್ಲ.