ಕೌಜುಗಕ್ಕೆ ಎಷ್ಟನೇ ನಂಬರು?

ಹಂಸಭಾವಿ ಸುತ್ತಲಿನ ಹೊಲಗಳಲ್ಲಿ ಗೋವಿನಜೋಳ ಮುರಿದಾದ ಮೇಲೆ ಕೌಜುಗಗಳ ಕೂಗು ಜೋರಾಗುತ್ತದೆ. ಬದುವಿನ ಜಾಲಿ ಮೆಳೆಯಿಂದ ಒಂದು ಕೂಗಿದರೆ ಆಚೆ ಹೊಲದಿಂದ ಇನ್ನೊಂದು ಓಗೊಡುತ್ತದೆ. ಬೆನ್ನತ್ತಿದರೆ ಹಾರುವುದಿಲ್ಲ, ಓಡುತ್ತದೆ. ತೀರಾ ಕಾಲಬುಡಕ್ಕೆ ಹೋದಾಗ ಮಾತ್ರ ಭರ್ರೆಂದು ಎದ್ದು, ನೆಲಕ್ಕೆ ಸಮನಾಗಿ ತೇಲಿ, ಒಂದಿಷ್ಟು ಮಾರು ದೂರ ಹೋಗಿ ಇಳಿದುಬಿಡುತ್ತದೆ. ಎದ್ದದ್ದು ಕಣ್ಣಿಗೆ ಬಿದ್ದು, ಕೋವಿ ಹೆಗಲಿಗೇರಿ, ಕುದುರೆ ಎಳೆಯುವುದರೊಳಗೆ ಹಕ್ಕಿ ಇಪ್ಪತ್ತೈದು ಮೂವತ್ತು ಮೀಟರ್ ದಾಟಿರುತ್ತದೆ. ಅಷ್ಟು ದೂರದಲ್ಲಿ ಕಾಲು ಕಿಲೋ ತೂಕದ ಜೀವವೊಂದನ್ನು ನರಳಿಸದೆ ಕೆಡವಬೇಕಾದರೆ ತೋಟಾದೊಳಗಿನ ಚರೆ ಎಷ್ಟು ದಪ್ಪ ಇರಬೇಕು? ಒಂದು ಕಾಲದ ಶಿಕಾರಿಗಳು ರಾತ್ರಿಯೆಲ್ಲ ವಾದಿಸುತ್ತಿದ್ದ ಪ್ರಶ್ನೆಯಿದು.

ಸ್ಕಾಟ್ಲೆಂಡಿನ ಗುಡ್ಡಗಳಲ್ಲಿ ಈ ವಾದ ಇವತ್ತಿಗೂ ನಡೆಯುತ್ತದೆ. ಅಲ್ಲಿ ಗ್ರೌಸ್ ಎಂಬ ಹಕ್ಕಿಯ ಬೇಟೆಯ ಹಂಗಾಮು ಪ್ರತಿ ಆಗಸ್ಟ್ 12ಕ್ಕೆ ಶುರುವಾಗುತ್ತದೆ. ನಮ್ಮಲ್ಲಿ ಗ್ರೌಸ್ ಇಲ್ಲ. ಬಯಲುಸೀಮೆಯ ಕಲ್ಲುನೆಲದಲ್ಲಿ ಕೂತರೆ ಮಣ್ಣಿನ ಹೆಂಟೆಯಂತೆಯೇ ಕಾಣುವ ಹಕ್ಕಿಗೆ ಇಂಗ್ಲಿಷರು ಸ್ಯಾಂಡ್‌ಗ್ರೌಸ್ ಎಂದು ಹೆಸರಿಟ್ಟರಾದರೂ ಅದು ಗ್ರೌಸ್‌ನ ಬಳಗದ್ದಲ್ಲ. ಗ್ರೌಸ್‌ಗೆ ಹತ್ತಿರದ ನೆಂಟರೆಂದರೆ ಕೌಜುಗ, ಬುರ್ಲಿ, ಹಾನಗಲ್ಲಿನ ಅರೆಮಲೆನಾಡಿನ ಕಾಡುಕೋಳಿ. ಇವುಗಳಲ್ಲಿ ಯಾವುದನ್ನೂ ಇಂದು ಹೊಡೆಯುವಂತಿಲ್ಲ. ಆದರೆ ಬೆಳೆ ರಕ್ಷಣೆಯ ಪರವಾನಗಿ ಇರುವ ಕೋವಿಗಳು ನಮ್ಮ ಹಳ್ಳಿಗಳಲ್ಲಿ ಉಳಿದುಕೊಂಡಿವೆ, ಚುನಾವಣೆ ಬಂದಾಗಲೊಮ್ಮೆ ಠಾಣೆಗೆ ಹೋಗಿ ವಾಪಸಾಗುತ್ತವೆ. ಕೋವಿ ಇರುವವರೆಗೂ ಚರೆಯ ಲೆಕ್ಕ ಗೊತ್ತಿರಬೇಕು.

ನಂಬರಿನ ಹಿಂದಿನ ಗಣಿತ

ಹನ್ನೆರಡು ಬೋರಿನ ಕೋವಿ ಎಂದರೆ ಒಂದು ಪೌಂಡ್ ಸೀಸವನ್ನು ಸಮನಾದ ಹನ್ನೆರಡು ಗುಂಡು ಮಾಡಿದರೆ ಅದರಲ್ಲೊಂದು ಸರಿಯಾಗಿ ಕೂರುವಷ್ಟು ಅಗಲದ ನಳಿಗೆ, ಸುಮಾರು 18.5 ಮಿ.ಮೀ. ಹಕ್ಕಿಗೆಂದು ಅದರಲ್ಲಿ ಹಾರಿಸುವುದು ಒಂದೇ ಗುಂಡನ್ನಲ್ಲ, ಒಂದು ಔನ್ಸ್ ಆಸುಪಾಸು, ಅಂದರೆ 28 ಗ್ರಾಂ ಚರೆಯನ್ನು. ಈ ತೂಕ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಅದನ್ನು ಎಷ್ಟು ಭಾಗ ಮಾಡಬೇಕು ಎನ್ನುವುದೇ ನಂಬರು. ನಂಬರು ಏರಿದಷ್ಟೂ ಚರೆ ಸಣ್ಣದು.

ಇಂಗ್ಲಿಷ್ ಲೆಕ್ಕದಲ್ಲಿ ಒಂದು ಔನ್ಸಿಗೆ 4ನೇ ನಂಬರಿನ ಚರೆ 170, 6ನೆಯದು 270, 7ನೆಯದು 340, 8ನೆಯದು 450 ತೂಗುತ್ತವೆ. ದಪ್ಪದ ಕಡೆಗೆ ಹೋದರೆ ಬಿಬಿ 70, ಎಸ್‌ಜಿ 8, ಎಲ್‌ಜಿ ಬರೀ 6. ಪುಣೆ ಬಳಿಯ ಖಡಕಿ ಮದ್ದುಗುಂಡು ಕಾರ್ಖಾನೆಯ ತೋಟಾಗಳ ಮೇಲೂ ಇವೇ ಇಂಗ್ಲಿಷ್ ಹೆಸರುಗಳು ಉಳಿದುಕೊಂಡಿವೆ. ಅಮೆರಿಕದವರ ಲೆಕ್ಕ ಬೇರೆ. ಅವರ 6ನೇ ನಂಬರು ಇಂಗ್ಲಿಷರ 5ಕ್ಕೆ ಸಮ. ಅಲ್ಲಿನ ಪುಸ್ತಕ ಓದಿ ಇಲ್ಲಿನ ತೋಟಾ ಕೇಳಿದರೆ ಒಂದು ಅಳತೆ ತಪ್ಪುತ್ತದೆ.

ಎರಚಿ ಬಿತ್ತಿದ ಬೀಜವನ್ನು ನೆನೆಸಿಕೊಳ್ಳಿ. ಒಂದು ಬೊಗಸೆ ಕಡಲೆಯನ್ನೂ ಒಂದು ಬೊಗಸೆ ರಾಗಿಯನ್ನೂ ಅಷ್ಟೇ ಜಾಗಕ್ಕೆ ಎರಚಿದರೆ ಕಡಲೆಯ ನಡುವೆ ಖಾಲಿ ನೆಲವೇ ಹೆಚ್ಚು. ಕೋವಿಯವರು ಈ ಎರಚಲನ್ನು 40 ಗಜ ದೂರದಲ್ಲಿ, 30 ಇಂಚು ಅಗಲದ ವೃತ್ತದೊಳಗೆ ಅಳೆಯುತ್ತಾರೆ. ಬಾಯಿ ಬಿಗಿದ ಫುಲ್ ಚೋಕ್ ನಳಿಗೆ ನೂರಕ್ಕೆ 70 ಚರೆಯನ್ನು ಆ ವೃತ್ತದೊಳಗೆ ಇಡುತ್ತದೆ, ಬಿಗಿಯಿಲ್ಲದ ನಳಿಗೆ 40ರಷ್ಟನ್ನು. 6ನೇ ನಂಬರಿನಲ್ಲಿ ಫುಲ್ ಚೋಕಿನಿಂದ ಸುಮಾರು 190 ಚರೆ ವೃತ್ತದಲ್ಲಿ ಬೀಳುತ್ತವೆ. ಬಿಬಿ ಆದರೆ 49. ಗರಿ ಕಿತ್ತರೆ ಎರಡು ಮುಷ್ಟಿಯಷ್ಟೂ ಇಲ್ಲದ ಕೌಜುಗಕ್ಕೆ ಆ 49ರಲ್ಲಿ ಎರಡು ತಾಗಿದರೆ ಹೆಚ್ಚು, ಮೂರು ತಾಗಿದರೆ ಅದೃಷ್ಟ. ಮೂರ್ನಾಲ್ಕು ಚರೆ ಒಟ್ಟಿಗೆ ತಾಗಿದರೇ ಹಕ್ಕಿ ಸ್ಥಳದಲ್ಲೇ ಬೀಳುವುದು ಎನ್ನುವುದು ಹಳೆಯ ಬೇಟೆಗಾರರ ನಂಬಿಕೆ.

ಹಾಗೆಂದು ಸಣ್ಣ ಚರೆಯೇ ಮೇಲು ಎನ್ನುವಂತೆಯೂ ಇಲ್ಲ. 6ನೇ ನಂಬರಿನ ಒಂದು ಚರೆ ತೂಗುವುದು ಗ್ರಾಮಿನ ಹತ್ತನೇ ಒಂದು ಭಾಗ, 8ನೆಯದು ಅದಕ್ಕೂ ಹಗುರ. ನಳಿಗೆ ಬಿಡುವಾಗ ಸೆಕೆಂಡಿಗೆ 400 ಮೀಟರ್ ಸುಮಾರಿಗಿರುವ ವೇಗ 40 ಗಜ ದಾಟುವಷ್ಟರಲ್ಲಿ ಅರ್ಧದ ಸಮೀಪಕ್ಕೆ ಕುಸಿಯುತ್ತದೆ. ಹಗುರ ಚರೆಯನ್ನು ಗಾಳಿ ಬೇಗ ತಡೆಯುತ್ತದೆ. ಮುಟ್ಟಿದರೂ ಗರಿ, ತೊಗಲು ದಾಟಿ ಒಳಗೆ ಇಳಿಯುವುದಿಲ್ಲ. ಹಕ್ಕಿ ಹಾರಿಹೋಗುತ್ತದೆ, ಎರಡು ದಿನ ಬಿಟ್ಟು ಯಾವುದೋ ಮೆಳೆಯಲ್ಲಿ ಸಾಯುತ್ತದೆ.

ಹೀಗೆ ಎರಡೂ ಕಡೆಯಿಂದ ತೂಗಿ ನೋಡಿ ಸ್ಕಾಟ್ಲೆಂಡಿನ ಗ್ರೌಸ್‌ಗೆ 6 ಅಥವಾ 7 ಎಂದು ಗೊತ್ತುಮಾಡಿದರು. ಅದಕ್ಕಿಂತ ಅರ್ಧ ತೂಕದ ಕೌಜುಗಕ್ಕೂ ಅದೇ ನಂಬರು ಹೊಂದುತ್ತದೆ, ಇಷ್ಟೇ ಗಾತ್ರದ, ಗರಿ ದಟ್ಟವಾದ ಹಕ್ಕಿಯಾದರೆ 6ರ ಕಡೆ ವಾಲಬೇಕು. ಎಪ್ಪತ್ತು ಗ್ರಾಂ ತೂಗುವ ಬುರ್ಲಿಗೆ 8. ಹಾನಗಲ್ಲಿನ ಕಾಡುಕೋಳಿಗೆ 5 ಅಥವಾ 6, ಕೆರೆಬಾತಿಗೆ 4 ಅಥವಾ 5. ಒಂದೇ ಜಿಲ್ಲೆಯ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಜೇಬಿನ ತೋಟಾ ಬದಲಾಗಬೇಕಿತ್ತು.

ಅಂಗಡಿಯ ಚರೆ, ಮನೆಯ ಚರೆ

ಈ ಲೆಕ್ಕವೆಲ್ಲ ದೊರೆಗಳದು, ಸಾಹೇಬರದು. ಬ್ರಿಟಿಷರ ಆಳ್ವಿಕೆಯಲ್ಲಿ ಹಂಸಭಾವಿಯ ಸೀಮೆ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯ ಕೋಡ ತಾಲ್ಲೂಕಿನಲ್ಲಿತ್ತು. ಆ ಸಾಹೇಬರಲ್ಲೇ ಹ್ಯೂಮ್ ಮತ್ತು ಮಾರ್ಷಲ್ ಎಂಬಿಬ್ಬರು ಹಿಂದೂಸ್ತಾನದ ಬೇಟೆಹಕ್ಕಿಗಳ ಮೇಲೆ ಮೂರು ಸಂಪುಟಗಳನ್ನು 1879ರಿಂದ 1881ರೊಳಗೆ ಹೊರತಂದರು. ಸಾಹೇಬರ ಪೆಟ್ಟಿಗೆಯಲ್ಲಿ ನಂಬರು ಹಚ್ಚಿದ ತೋಟಾಗಳಿದ್ದವು. ಚರೆ ಹೀಗೆ ದುಂಡಗೆ, ಒಂದೇ ಅಳತೆಯಲ್ಲಿ ಸಿಗುವಂತಾದದ್ದು ಬ್ರಿಸ್ಟಲ್ಲಿನ ವಿಲಿಯಂ ವಾಟ್ಸ್ ಎಂಬಾತನಿಂದ. ಕರಗಿದ ಸೀಸವನ್ನು ಎತ್ತರದಿಂದ ಜರಡಿಯ ಮೂಲಕ ನೀರಿಗೆ ಬೀಳಿಸಿದರೆ ಹನಿಗಳು ಗಾಳಿಯಲ್ಲೇ ದುಂಡಗಾಗುತ್ತವೆ ಎಂದು ಕಂಡುಕೊಂಡು 1782ರಲ್ಲಿ ಪೇಟೆಂಟ್ ಪಡೆದ.

ರೈತನ ಕೈಯಲ್ಲಿದ್ದದ್ದು ಕೇಪಿನ ಕೋವಿ. ಬಾಯಿಯಿಂದ ಕರಿಮದ್ದು ಸುರಿದು, ನಾರು ತುರುಕಿ, ಗಜ ಹಾಕಿ ಜಡಿದು, ಮೇಲೆ ಚರೆ ಹಾಕಿ, ಮತ್ತೆ ನಾರು ಜಡಿಯಬೇಕು. ಚರೆ ಸಿಗದಿದ್ದರೆ ಸೈಕಲ್ಲಿನ ಗುಂಡು, ಬೀಡುಕಬ್ಬಿಣದ ಚೂರು, ಕತ್ತರಿಸಿದ ಸೀಸ. ಒಂದೊಂದರ ಅಳತೆ ಒಂದೊಂದು ಥರ, ದುಂಡಗಿಲ್ಲದ ಚೂರು ಗಾಳಿಯಲ್ಲಿ ದಿಕ್ಕು ತಪ್ಪಿ ಎಲ್ಲೆಲ್ಲಿಗೋ ಹೋಗುತ್ತದೆ. ಇಂಥ ಕೋವಿಯಿಂದ ಒಂದು ಹಕ್ಕಿ ಬಿದ್ದರೆ ಗಾಯಗೊಂಡು ಹೋದವು ಎಷ್ಟೋ. ಅದಕ್ಕೆ ಹೋಲಿಸಿದರೆ ಸಾಕಿದ ಹಕ್ಕಿಯನ್ನು ಕೂಗಿಸಿ, ಉರುಲು ಒಡ್ಡಿ ಕೌಜುಗ ಹಿಡಿಯುತ್ತಿದ್ದ ಹರಣಶಿಕಾರಿಗಳ ವಿದ್ಯೆಯಲ್ಲಿ ಅರೆಜೀವದ ಹಕ್ಕಿ ತಪ್ಪಿಸಿಕೊಂಡು ಹೋಗುವ ಪ್ರಸಂಗ ಕಡಿಮೆ.

ಚರೆಯ ಲೆಕ್ಕವನ್ನು ಅತಿ ಸೂಕ್ಷ್ಮವಾಗಿ ಬಳಸಿದವರು ಬೇಟೆಗಾರರೇ ಅಲ್ಲ, ಪಕ್ಷಿಶಾಸ್ತ್ರಜ್ಞರು. ಮ್ಯೂಸಿಯಮ್ಮಿಗೆ ಚರ್ಮ ಕೆಡದ ಹಕ್ಕಿ ಬೇಕು. 6ನೇ ನಂಬರು ತಾಗಿದರೆ ಗುಬ್ಬಿಯಷ್ಟರ ಹಕ್ಕಿ ಚಿಂದಿ. ಅದಕ್ಕೆಂದೇ ಸಾಸಿವೆಗಿಂತ ಸಣ್ಣ, ಪುಡಿಯಂಥ ಚರೆ ಬಳಕೆಯಲ್ಲಿತ್ತು. ಸಲೀಂ ಅಲಿ 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದ್ದು ಇಂಥ ಮಾದರಿಗಳನ್ನು ಸಂಗ್ರಹಿಸುವ ಪದ್ಧತಿಯ ಕಾಲದಲ್ಲಿ. ಆಗ ಹಂಸಭಾವಿಯ ಪಕ್ಕದ ಶಿಕಾರಿಪುರ ಆ ಸಂಸ್ಥಾನಕ್ಕೆ ಸೇರಿತ್ತು, ಹಂಸಭಾವಿ ಗಡಿಯಾಚೆ ಉಳಿದಿತ್ತು.

ಬಾಗಿಲು ಮುಚ್ಚಿದ್ದು ಎರಡು ಹಂತದಲ್ಲಿ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ದಿನವೇ ಬೇಟೆ ನಿಂತಿತು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಾಗಲಿಲ್ಲ. ಮೂಲ ಕಾಯ್ದೆಯಲ್ಲಿ ಸಣ್ಣ ಬೇಟೆ, ದೊಡ್ಡ ಬೇಟೆ ಎಂದು ವಿಂಗಡಿಸಿ ಪರವಾನಗಿ ಕೊಡುವ ಅವಕಾಶ ಇತ್ತು. ಅದನ್ನು ತೆಗೆದುಹಾಕಿದ್ದು 1991ರ ತಿದ್ದುಪಡಿ. ಈ ನಡುವೆ 1974ರಲ್ಲಿ ರಾಣೆಬೆನ್ನೂರಿನ 119 ಚದರ ಕಿ.ಮೀ. ಪ್ರದೇಶ ಕೃಷ್ಣಮೃಗಗಳಿಗಾಗಿ ಅಭಯಾರಣ್ಯವಾಯಿತು. ಅಲ್ಲಿ ಕಾಣುತ್ತಿದ್ದ ಎರೆಭೂತ ಎಂಬ ಹಕ್ಕಿ ಮಾತ್ರ ಕಣ್ಮರೆಯಾಯಿತು. 2022ರ ತಿದ್ದುಪಡಿಯ ನಂತರ ನವಿಲಿನಂಥ ಮೊದಲ ಅನುಸೂಚಿಯ ಜೀವಿಯನ್ನು ಕೊಂದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಜೊತೆಗೆ ಕನಿಷ್ಠ 25 ಸಾವಿರ ರೂಪಾಯಿ ದಂಡ. ಶಿಗ್ಗಾವಿ ತಾಲ್ಲೂಕಿನ ಬಂಕಾಪುರ ಕೋಟೆಯಲ್ಲಿ ನವಿಲುಧಾಮವಿದೆ. ಅಲ್ಲಿ ಪ್ರವಾಸಿಗರು ಫೋಟೊ ತೆಗೆಯುವ ಅದೇ ಹಕ್ಕಿ ಹೊಲಕ್ಕೆ ಇಳಿದು ಬಿತ್ತಿದ ಕಾಳು ಕೆದಕಿ ತಿಂದಾಗ ರೈತನಿಗೆ ಬರುವ ಸಿಟ್ಟು ಅರ್ಥವಾಗುವಂಥದ್ದೇ. ಆದರೂ ಬೆಳೆ ಹಾನಿಯ ಕಾರಣಕ್ಕೆ ನವಿಲನ್ನು ಹೊಡೆಯಲು ಕಾನೂನಿನಲ್ಲಿ ದಾರಿಯಿಲ್ಲ. ಕಾಡುಹಂದಿಯಂಥ ಪ್ರಾಣಿಯಾದರೂ ಅಧಿಕಾರಿಯ ಲಿಖಿತ ಅನುಮತಿ ಬೇಕೇ ಬೇಕು. ಬೆಳೆ ರಕ್ಷಣೆಯ ಕೋವಿ ಪರವಾನಗಿಯೇ ಆ ಅನುಮತಿ ಎಂದುಕೊಂಡವರು ಕೋರ್ಟು ಅಲೆಯುತ್ತಾರೆ.

ಚರೆ ಎಲ್ಲಿ ನಿಲ್ಲುತ್ತದೆ?

ಗುರಿಯಾಚೆ ಏನಿದೆ ಎಂಬುದನ್ನು ನಮ್ಮ ಕೋವಿಯವರು ಅಷ್ಟಾಗಿ ಯೋಚಿಸುವುದಿಲ್ಲ. ಜರ್ನೇ ಎಂಬ ಫ್ರೆಂಚ್ ಸೇನಾಧಿಕಾರಿ ಒಂದು ಸರಳ ಸೂತ್ರ ಕೊಟ್ಟಿದ್ದಾನೆ. ಇಂಚಿನಲ್ಲಿ ಅಳೆದ ಚರೆಯ ದಪ್ಪವನ್ನು 2200ರಿಂದ ಗುಣಿಸಿದರೆ ಅದು ಗರಿಷ್ಠ ಎಷ್ಟು ಗಜ ಹೋಗಬಲ್ಲದು ಎಂದು ಸಿಗುತ್ತದೆ. 6ನೇ ನಂಬರು ಸುಮಾರು 225 ಗಜ. ಎಸ್‌ಜಿ 700 ಗಜಕ್ಕೂ ಮೇಲೆ, ಅಂದರೆ ಆರುನೂರು ಮೀಟರ್ ದಾಟಿ. ಆಳೆತ್ತರ ಬೆಳೆದ ಗೋವಿನಜೋಳದ ಹೊಲದಲ್ಲಿ ರಾತ್ರಿ ಸದ್ದು ಬಂದ ಕಡೆಗೆ ಎಸ್‌ಜಿ ಹಾರಿಸುವವನಿಗೆ ಆರುನೂರು ಮೀಟರ್ ಆಚೆ ಯಾರು ನೀರು ಹಾಯಿಸುತ್ತಿದ್ದಾರೆಂದು ಗೊತ್ತಿರುವುದಿಲ್ಲ. ಹಂದಿಯೆಂದು ತಿಳಿದು ಮನುಷ್ಯನನ್ನೇ ಹೊಡೆದ ಸುದ್ದಿ ಮಲೆನಾಡಿನ ಕಡೆಯಿಂದ ಪತ್ರಿಕೆಗಳಿಗೆ ಹೊಸದೇನಲ್ಲ.

ನಿಂತ ಚರೆಯೂ ಸುಮ್ಮನಿರುವುದಿಲ್ಲ. ಕೌಜುಗ, ಬಾತುಗಳು ಕಾಳು ಅರೆಯಲು ಸಣ್ಣ ಹರಳು ನುಂಗುತ್ತವೆ. ನೆಲದ ಮೇಲಿನ ಚರೆಯನ್ನೂ ಹರಳೆಂದೇ ನುಂಗುತ್ತವೆ. ಹೊಟ್ಟೆಯ ಗಿರಣಿಯಲ್ಲಿ ಸೀಸ ಸವೆದು ರಕ್ತ ಸೇರುತ್ತದೆ. ಈ ಕಾರಣಕ್ಕೇ ಅಮೆರಿಕ 1991ರ ವೇಳೆಗೆ ನೀರುಹಕ್ಕಿಗಳ ಬೇಟೆಯಲ್ಲಿ ಸೀಸ ನಿಲ್ಲಿಸಿತು, ಡೆನ್ಮಾರ್ಕ್ 1996ರಲ್ಲಿ ಎಲ್ಲ ಬೇಟೆಗೂ ನಿಷೇಧಿಸಿತು, ಯುರೋಪಿನ ಒಕ್ಕೂಟ 2023ರಿಂದ ಜೌಗು ನೆಲಗಳಲ್ಲಿ ತಡೆಯಿತು. ಸೀಸದ ಬದಲು ಬಂದ ಉಕ್ಕು ಅದಕ್ಕಿಂತ ಹಗುರವಾದ್ದರಿಂದ ಅಲ್ಲಿನವರು ಈಗ ಎರಡು ನಂಬರು ದಪ್ಪದ ಚರೆ ಆರಿಸುತ್ತಾರೆ. ಲೋಹ ಬದಲಾದ ಕೂಡಲೇ ನೂರೈವತ್ತು ವರ್ಷದ ವಾದ ಮತ್ತೆ ಮೊದಲಿನಿಂದ ಶುರುವಾಗಿದೆ.

ನಮ್ಮಲ್ಲಿ ಸಣ್ಣ ಚರೆಗೆ ಉಳಿದಿರುವ ಕಾನೂನುಬದ್ಧ ಗುರಿ ಹಕ್ಕಿಯಲ್ಲ, ಗಾಳಿಗೆ ಚಿಮ್ಮಿಸುವ 110 ಮಿ.ಮೀ. ಅಗಲದ ತಟ್ಟೆ. ಟ್ರ್ಯಾಪ್, ಸ್ಕೀಟ್ ಎಂಬ ಶೂಟಿಂಗ್ ಸ್ಪರ್ಧೆಗಳಲ್ಲಿ 24 ಗ್ರಾಂ ಚರೆ, ದಪ್ಪ 2.6 ಮಿ.ಮೀ. ಮೀರುವಂತಿಲ್ಲ, ಅಂದರೆ ಹಳೆಯ 6ನೇ ನಂಬರಿನ ಅಂಚು. ರಾಜ್ಯವರ್ಧನ್ ಸಿಂಗ್ ರಾಠೋಡ್ 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಬೆಳ್ಳಿ ಗೆದ್ದದ್ದು ಇಂಥ ತಟ್ಟೆಗಳನ್ನು ಒಡೆದೇ. ಹೊಲದ ಕೋವಿಯವನಿಗೂ ಆ ಅಂಗಳದ ಶಿಸ್ತು ಬೇಕು. ತೋಟಾ ತುಂಬುವ ಮೊದಲು ಅದರ ಮೇಲಿನ ಅಕ್ಷರ ಓದಬೇಕು, ಗುರಿಯಾಚೆ ಏನಿದೆ ಎಂದು ನೋಡಬೇಕು, ಅದು ತಿಳಿಯದಿದ್ದರೆ ಕೋವಿಯನ್ನು ಹೆಗಲಿಗೆ ಏರಿಸಲೇಬಾರದು. ನಂಬರು ಆರಿಸುವ ಮಾತು ಅದರ ನಂತರದ್ದು.